ಕೆಳಗಿಡದ ಕೌದಿ

ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ ರಾಯಚೂರು ಗಾಡಿಗೆ ಕಾಯುತ್ತ ಕುಳಿತಿದ್ದ ಅಮೃತಪ್ಪನ ಪಕ್ಕದಲ್ಲೇ ಇಬ್ಬರು ಹೆಂಗಸರು ಮಾತಿಗೆ ತೊಡಗಿದ್ದರು. ಸಾಬಮ್ಮ ಕುಳಿತಿದ್ದಳು. ಅವಳಿಗಿಂತ ಹಿರಿಯಳಾದ ಮರೆಮ್ಮ ಹೆಗಲ ಮೇಲೆ ಹೊಸ ಕೌದಿ ಹೊತ್ತು ನಿಂತೇ ಇದ್ದಳು.

"ಕುಂದ್ರು ಯಕ್ಕಾ, ಸೇಡಂ ಗಾಡಿ ಬರೋದು ಇನ್ನಾ ತಡ ಅದ."

"ಬ್ಯಾಡವ್ವ. ಈ ಬೆಂಚಿನಾಗ ತಗಣಿ ಅವ."

ತಿಗಣೆಯ ಮಾತು ಕಿವಿಗೆ ಬಿದ್ದು ಅಮೃತಪ್ಪ ಧೋತರದ ಅಂಚನ್ನು ಮೆಲ್ಲಗೆ ಮೇಲೆಳೆದುಕೊಂಡ.

"ತಗಣಿ ಎಲ್ಲಿಲ್ಲ? ನವಾಬನ ಪಲಂಗದಾಗೂ ಇರ್ತಾವ."

"ಹೋದ ಸಲ ಇಲ್ಲೇ ಕುಂತು ಮಗಳ ಮನಿಗಿ ಹೋದೆ. ನನ್ನ ಗಂಟಿನಾಗಿಂದ ಒಂದು ಹೊರಗ ಬಂತು, ಬೀಗ್ತಿ ನೋಡಿದ್ಲು. ಅವತ್ತು ನನಗ ದನದ ಕೊಟ್ಟಿಗ್ಯಾಗ ಹಾಸಿ ಕೊಟ್ರು."

"ಮಗಳು ಏನಂದ್ಲು?"

"ಗಪ್ ನಿಂತಿದ್ಲು. ಅಕಿ ಅಲ್ಲೇ ಬಾಳೇ ಮಾಡಬೇಕಲ್ಲ."

"ಕೌದಿ ಮೊಮ್ಮಗನಿಗೇನು?"

"ಹೂಂ. ನನ್ನ ಹಳೀ ಸೀರಿ ಹರದು ಹೊಲದೀನಿ. ಒಂದು ರಾತ್ರಿ ಕೂಸಿನ ಬಾಜೂಕ ಮಲಗಾಕ ಬಿಟ್ರ ಸಾಕು."

"ಹಂಗಾರ ಹೋದ ಕೂಡ್ಲೇ ಅಂಗಳದಾಗ ಬಿಸಿ ಫರ್ಸಿ ಕಲ್ಲಿನ ಮ್ಯಾಲ ಹಾಸಿಬಿಡು. ಬಿಸಲಿಗಿ ಒಂದು ತಗಣೀನೂ ಉಳಿಯಂಗಿಲ್ಲ."

"ಭಾಳ ಶಾಣ್ಯಾಕಿ ನೀ! ತಗಣಿ ತಂದೀನಿ ಅಂತ ನಾನೇ ಡಂಗುರ ಹೊಡದಂಗ ಆಗ್ತದ."

ಇಬ್ಬರೂ ನಕ್ಕರು. ಮರೆಮ್ಮ ಕೌದಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡಳು.

ಸೇಡಂ ಗಾಡಿ ಬಂತು, ಇಬ್ಬರೂ ಹತ್ತಿದರು. ಡಬ್ಬಿ ಅರ್ಧಕ್ಕರ್ಧ ಖಾಲಿಯಿತ್ತು. ಸಾಬಮ್ಮ ಕಿಟಕಿಯ ಬಳಿ ಸರಿದು ಕುಳಿತು, ಪಕ್ಕದ ಜಾಗವನ್ನು ತಟ್ಟಿ ಕರೆಯುವುದು ಅಮೃತಪ್ಪನಿಗೆ ಕಾಣಿಸುತ್ತಿತ್ತು. ಮರೆಮ್ಮ ಮಾತ್ರ ಕೌದಿಯನ್ನು ತಲೆಯ ಮೇಲೇರಿಸಿ, ಬಾಗಿಲ ಕಂಬಿ ಹಿಡಿದು, ನಿಂತೇ ಹೋದಳು.