ಸಿಂಹಾಸನದ ಮೇಲಿನ ಕೌದಿ

ಸನ್ಮಾನ್ಯ ಅಧ್ಯಕ್ಷರಾದ ಅಜ್ಜಪ್ಪನವರೇ, ನಮ್ಮ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಮಾಲೀಕರಾದ ಬಸವಣ್ಣೆಪ್ಪ ಸಾವಕಾರರೇ, ಇಪ್ಪತ್ತೆಂಟು ವರ್ಷ ಈ ಮ್ಯಾನೇಜರನ ಗಂಟಲನ್ನು ಸಹಿಸಿಕೊಂಡ ಕಾರ್ಮಿಕ ಬಂಧುಗಳೇ, ಹಾನಗಲ್ಲು, ಸವಣೂರು, ಹಿರೇಕೆರೂರಿನಿಂದ ಬಸ್ಸು ಹಿಡಿದು ನಮ್ಮ ಶಿಗ್ಗಾವಿಗೆ ಬಂದಿರುವ ಹತ್ತಿ ಬೆಳೆಗಾರರೇ, ತಾಯಂದಿರೇ, ಸಭಿಕರೇ!

ಈ ಮೈಕನ್ನು ಸ್ವಲ್ಪ ಆಚೆ ಸರಿಸಿ. ಊರಿಗೆ ಮೈಕು ಬರುವ ಮೊದಲೇ ಈ ರಾಘಣ್ಣ ರಂಗಕ್ಕೆ ಬಂದವನು. ಹಿಂದಿನ ಗೋಡೆಗೆ ಒರಗಿ ನಿಂತವರಿಗೆ ಕೇಳಿಸುತ್ತಿದೆಯೇ? ಕೇಳಿಸುತ್ತಿದೆ. ಸಂತೋಷ.

ಇದೀಗ ಗುರುರಾಜ ಮಾಸ್ತರರು ನನ್ನ ಬಿನ್ನವತ್ತಳೆ ಓದಿದರು. ಎಂಥ ಭಾಷೆ! ಕೇಳುತ್ತ ಕೇಳುತ್ತ, ಇಷ್ಟು ದೊಡ್ಡ ಮನುಷ್ಯ ಯಾವಾಗ ತೀರಿಕೊಂಡ ಎಂದು ನನಗೇ ಸಂದೇಹ ಬಂತು. ಅದರಲ್ಲೊಂದು ಸಾಲಿದೆ: ‘ಆಂಧ್ರದ ಚಂಡಮಾರುತದ ಕಾಲಕ್ಕೆ ಇನ್ನೂರು ಕೌದಿಗಳನ್ನು ತಕ್ಷಣ ಕಳುಹಿಸಿದ ಕರುಣಾಳು.’ ಮಾಸ್ತರರೇ, ಇನ್ನೂರು ಸರಿ. ಕೌದಿ ಸರಿ. ‘ತಕ್ಷಣ’ ಮಾತ್ರ ಸುಳ್ಳು. ಆ ಸುಳ್ಳನ್ನು ಹೊದ್ದುಕೊಂಡು ನಾನು ನಿವೃತ್ತನಾಗಲಾರೆ.

ನನ್ನ ಬೆನ್ನ ಹಿಂದೆ ಒಂದು ಪಡದೆ ಇದೆ. ಅದರ ಹಿಂದೆ ಏನಿದೆ? ಭೋಪಾಳದ ವಿಷಗಾಳಿಗೆ ಸಿಕ್ಕವರಿಗೆಂದು ನಮ್ಮ ಹೆಣ್ಣುಮಕ್ಕಳು ಹಳೆಯ ಸೀರೆ ಜೋಡಿಸಿ ಹೊಲಿದ ಮುನ್ನೂರು ಕೌದಿಗಳಿವೆ. ಅವು ಇಂದೇ ಹೋಗಬೇಕೋ, ಇನ್ನೂ ಹತ್ತು ದಿನ ಕಾಯಬೇಕೋ? ನಿನ್ನೆ ಸಾವಕಾರರು ನನಗೆ ಹೇಳಿದರು, “ರಾಘಣ್ಣಾ, ಈ ಐತವಾರ ಬಿಟ್ಟು ಮುಂದಿನ ಐತವಾರ ದೊಡ್ಡ ಮಂದಿ ಬರ್ತಾರ. ಅವರ ಕೈಲೆ ಹಸರು ನಿಶಾನಿ ತೋರ್ಸಿ ಕಳಸೂಣು. ಹತ್ತು ದಿನ ಏನ್ ಮಹಾ?” ಹತ್ತು ದಿನ ಏನು ಮಹಾ! ಅದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇನೆ.

ಎಪ್ಪತ್ತೇಳರ ನವೆಂಬರದಲ್ಲಿ ಕಡಲು ಎದ್ದು ಆಂಧ್ರದ ದಂಡೆಯ ಮೇಲೆ ಬಿತ್ತು. ರೇಡಿಯೋ ಕೇಳಿದ ನಮ್ಮ ಸಾವಕಾರರ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. “ನಮ್ಮ ಫ್ಯಾಕ್ಟರಿದ್ದೂ ಏನರ ಹೋಗಬೇಕು” ಎಂದರು. ಫ್ಯಾಕ್ಟರಿ ದಾರ ಕೊಟ್ಟಿತು. ಹೆಣ್ಣುಮಕ್ಕಳು ಪೆಟ್ಟಿಗೆಯ ತಳದ ಸೀರೆ ಕೊಟ್ಟರು. ದುಡಿದು ಮನೆಗೆ ಹೋಗಿ, ರೊಟ್ಟಿ ಬಡಿದು, ಆಮೇಲೆ ಹೊಲಿದರು. ಪೇಪರಿನಲ್ಲಿ ಹೆಸರು ಯಾರದು ಬಂತು? ದಾರ ಕೊಟ್ಟವರದು!

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಕೌದಿಯ ಕೊನೆಯ ಹೊಲಿಗೆ ಹಾಕುವ ಮೊದಲು ಒಳಗೆ ನಾಲ್ಕು ಕಾಳು, ಒಂದು ಚೂರು ಬೆಲ್ಲ ಇಡುತ್ತಾರೆ. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ನಂಬಿಕೆ. ಹತ್ತಿ ಆರಿಸುವ ಹೆಣ್ಣಾಳುಗಳ ಮುಂದಾಳು, ಹುಲಗೂರಿನ ದಾವಲಬಿ, ಅಗೋ ಮೊದಲ ಸಾಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಾರೆ, ಅವರು ಮಾತ್ರ ಚೂರಲ್ಲ, ಅರ್ಧ ಅಚ್ಚು ಬೆಲ್ಲವನ್ನೇ ಇಟ್ಟಿದ್ದರು. ಯಾಕವ್ವಾ ಇಷ್ಟು ಎಂದು ಕೇಳಿದೆ. “ಅಲ್ಲಿಯವರು ಭಾಳ ಹಸದಾರ್ರಿ ರಾಘಣ್ಣಾರ. ನಾಕು ಕಾಳಿಗೆ ಏನಾಗ್ತದ?” ಎಂದರು.

ಡಿಸೆಂಬರ್ ಎರಡನೆಯ ವಾರಕ್ಕೆ ಇನ್ನೂರೂ ಸಿದ್ಧ. ಅಂದೇ ನಾನು ಪೇಪರಿಗೆ ಸುದ್ದಿ ಕೊಟ್ಟೆ: ‘ಇನ್ನೂರು ಕೌದಿಗಳ ರವಾನೆ.’ ಕೌದಿ ಗೋದಾಮಿನಲ್ಲಿ, ಸುದ್ದಿ ಮನೆಮನೆಯಲ್ಲಿ! ಯಾಕೆ ಹೋಗಲಿಲ್ಲ? ನಿಶಾನಿ ತೋರಿಸುವ ಅತಿಥಿಗಳು ತಾರೀಖು ಕೊಡಲಿಲ್ಲ. ಅಲ್ಲ, ಕೊಟ್ಟಿದ್ದರು. ಡಿಸೆಂಬರ್ ಹದಿನೆಂಟು. ಆ ದಿನ ಹುಬ್ಬಳ್ಳಿಯ ಫೋಟೋದವನಿಗೆ ಬಿಡುವಿರಲಿಲ್ಲ. ತಾರೀಖು ಮುಂದೂಡಿರಿ ಎಂದು ಅತಿಥಿಗಳಿಗೆ ಪತ್ರ ಬರೆದವರು ಯಾರು? ಸಾವಕಾರರಲ್ಲ.

ಒಂದು ಗುಟುಕು ನೀರು ಕೊಡಿ.

ನಾನು ಹನ್ನೆರಡನೆಯ ವಯಸ್ಸಿಗೆ ಮನೆ ಬಿಟ್ಟು ನಾಟಕ ಕಂಪನಿ ಸೇರಿದವನು. ಚಳಿಗಾಲದಲ್ಲಿ ಕಾಡಿನ ಪಡದೆ ಹಾಸಿ, ಅರಮನೆಯ ಪಡದೆ ಹೊದ್ದು ಮಲಗುತ್ತಿದ್ದೆ. ಬಣ್ಣದ ಬಟ್ಟೆ ಮೈ ಮುಚ್ಚುತ್ತದೆ, ಬೆಚ್ಚಗಿಡುವುದಿಲ್ಲ. ನನ್ನ ತಾಯಿ ಗೋಪಿಕಾಬಾಯಿ ಕಂಪನಿಯ ಬಿಡಾರ ಹುಡುಕಿಕೊಂಡು ಬಂದು, ಒಂದು ಮಾತೂ ಬೈಯದೆ, ಒಂದು ಕೌದಿ ಕೊಟ್ಟು ಹೋದರು. ಇಷ್ಟೆಲ್ಲ ಕಂಡವನು ಚಳಿಯನ್ನು ಹೇಗೆ ಮರೆತ? ಫೋಟೋಕ್ಕಾಗಿ ಮರೆತ, ಸಭಿಕರೇ. ಫೋಟೋಕ್ಕಾಗಿ.

ಆಮೇಲೆ ಹತ್ತಿಯ ಸುಗ್ಗಿ ಬಂತು. ಲಾರಿಗಳಿಗೆ ಬಿಡುವಿಲ್ಲ. ಕೌದಿಗಳ ಮೇಲೆ ಹತ್ತಿಯ ಅಂಡಿಗೆಗಳು ಬಿದ್ದವು. ಫೆಬ್ರವರಿಯಲ್ಲಿ, ಭಾರತ ಹುಣ್ಣಿಮೆಗೆ, ಫ್ಯಾಕ್ಟರಿಯ ವಾರ್ಷಿಕ ನಾಟಕ, ಇದೇ ರಂಗದ ಮೇಲೆ. ರಾಜ ಯಾರು? ಬೇರೆ ಯಾರು! ಸಿಂಹಾಸನದ ಕುರ್ಚಿಗೆ ಮೊಳೆ ಎದ್ದಿತ್ತು. ಪಡದೆ ಎಳೆಯುವ ನಮ್ಮ ಫಕ್ಕೀರಪ್ಪ ಗೋದಾಮಿಗೆ ಓಡಿಹೋಗಿ, ಕೈಗೆ ಸಿಕ್ಕ ಕೌದಿ ತಂದು ಹಾಸಿದ. ನಾನು ಕಿರೀಟದ ಗಡಿಬಿಡಿಯಲ್ಲಿ ನೋಡಲಿಲ್ಲ.

ಪಡದೆ ಎದ್ದಿತು. ಸಿಂಹಾಸನದಲ್ಲಿ ಕುಳಿತು ಗರ್ಜಿಸಿದೆ: “ಎಲೈ ಮಂತ್ರಿಯೇ! ನನ್ನ ರಾಜ್ಯದಲ್ಲಿ ಹಸಿದವನುಂಟೇ? ಚಳಿಗೆ ನಡುಗುವವನುಂಟೇ?” ಮಂತ್ರಿ ಬಾಯಿ ತೆರೆಯುವ ಮೊದಲೇ, ಅಯ್ಯಯ್ಯೋ! ತೊಡೆಗೆ ಕೆಂಡ ಇಟ್ಟಂತಾಯಿತು. ಎದ್ದೆ, ಕುಣಿದೆ, ಪೀತಾಂಬರ ಝಾಡಿಸಿದೆ. ಕೆಂಪಿರುವೆ! ಬೆಲ್ಲಕ್ಕೆ ಮುತ್ತಿದ ಕೆಂಪಿರುವೆ! ಜನ ಅಭಿನಯವೆಂದೇ ತಿಳಿದರು. “ವನ್ಸ್ ಮೋರ್!” ಹಾರ್ಮೋನಿಯಂ ಪೇಟಿಯ ಮಾಸ್ತರ ಸ್ವರ ಹಿಡಿದೇಬಿಟ್ಟ. ನಮ್ಮ ರಂಗದಲ್ಲಿ ವನ್ಸ್ ಮೋರ್ ಅಂದರೆ ಆಜ್ಞೆ. ಮತ್ತೆ ಕುಳಿತೆ. ಮತ್ತೆ ಕೇಳಿದೆ, “ಚಳಿಗೆ ನಡುಗುವವನುಂಟೇ?” ಮತ್ತೆ ಕಚ್ಚಿದವು. ಮತ್ತೆ ಕುಣಿದೆ. “ವನ್ಸ್ ಮೋರ್!”

ಮೂರನೆಯ ಸಲ ಕೇಳಿದವರು ದಾವಲಬಿ. ಹೆಂಗಸರ ಸಾಲಿನಲ್ಲಿ ಎದ್ದು ನಿಂತಿದ್ದರು. “ರಾಘಣ್ಣಾರ, ಇನ್ನೊಮ್ಮೆ ಹೇಳ್ರಿ, ಕೇಳೂಣು. ಚಳಿಗೆ ನಡಗೋರು ಇಲ್ಲೇನ್ರಿ? ಅದು ನನ್ನ ಕೌದಿ. ಮೂಲ್ಯಾಗಿನ ಹಸರು ತುಂಡು ನನ್ನ ಮಗಳ ಲಗ್ನದ ಸೀರಿದು. ಕಡಲ ದಂಡಿಗೆ ಹೋಗೇತಿ ಅಂತ ಪೇಪರಿನ್ಯಾಗ ಬಂದಿತ್ತಲ್ರಿ? ನಿಮ್ಮ ಕುಂಡಿ ಕೆಳಗ ಯಾವಾಗ ಬಂತು?”

ನಗು ನಿಂತಿತು. ಪೇಟಿಯೂ ನಿಂತಿತು. ಎಂಟು ನಾಟಕಗಳ ಮಾತು ಬಾಯಿಪಾಠವಿದ್ದ ನಾನು ಕಿರೀಟ ತೆಗೆದು ಕೈಯಲ್ಲಿ ಹಿಡಿದೆ. ಸಾವಕಾರರು ಎದ್ದು ಬಂದು, “ನಾಳೆ ಮುಂಜಾನೆ ಲಾರಿ ಹೊಂಡ್ತದವ್ವಾ” ಎಂದರು. ದಾವಲಬಿ ಬಿಡಬೇಕಲ್ಲ? “ಹೊಂಡೂದು ಬ್ಯಾರೆ, ಮುಟ್ಟೂದು ಬ್ಯಾರೆ. ನಾನೂ ಬರ್ತೇನಿ. ನನ್ನ ಕೈಲೆ ಹೊಚ್ಚೇ ಬರ್ತೇನಿ.”

ಹೋದೆವು. ಎರಡು ದಿನದ ದಾರಿ. ನಾನು, ದಾವಲಬಿ, ಡ್ರೈವರ್, ಬಳ್ಳಾರಿ ಕಡೆಯ ತೆಲುಗು ಬಲ್ಲ ಕ್ಲೀನರ್. ಒಂದು ಹಳ್ಳಿ ಎಂದರು. ಅಲ್ಲಿ ತಾಳೆಗರಿಯ ಗುಡಿಸಲುಗಳಷ್ಟೇ ಇದ್ದವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಬ್ಬ ತಾಯಿಯ ಹೆಸರಿನ ಮುಂದೆ ಎರಡು ಮಕ್ಕಳು ಎಂದು ಅಲ್ಲಿಯ ಅಧಿಕಾರಿಗಳು ಕೊಟ್ಟ ಪಟ್ಟಿಯಲ್ಲಿತ್ತು. ದಾವಲಬಿ ಎರಡು ಕೌದಿ ಕೊಟ್ಟರು. ಆಕೆ ಒಂದನ್ನು ಎದೆಗೆ ಅವಚಿಕೊಂಡು, ಹಸಿರು ಮೂಲೆಯ ಇನ್ನೊಂದನ್ನು ತಿರುಗಿ ಕೊಟ್ಟಳು. ಏನೋ ಹೇಳಿದಳು. ಕ್ಲೀನರ್ ನೆಲ ನೋಡುತ್ತ ತಿಳಿಸಿದ: “ಪಟ್ಟಿ ಹಳೇದಂತ್ರಿ. ಪುಷ್ಯದ ಚಳಿಯಾಗ ಬಂದಿದ್ರ ಎರಡೂ ಬೇಕಾಗಿದ್ವು, ಈಗ ಒಂದು ಸಾಕು ಅಂತಾಳ್ರಿ.”

ಒಂದು ಸಾಕು.

ಆ ಕೌದಿ ಏಳು ವರ್ಷದಿಂದ ನನ್ನ ಮನೆಯಲ್ಲಿದೆ. ಇಂದು ಇಲ್ಲಿ ನನಗೆ ಹೊದಿಸಿದ ಈ ಜರಿಯ ಶಾಲು ಹೊದ್ದು, ನೋಡಿ, ಆ ಕುರ್ಚಿಯ ಮೇಲೆ ಅದನ್ನೇ ಹಾಸಿಕೊಂಡು ಕುಳಿತಿದ್ದೆ. ಇರುವೆ ಹೋಗಿವೆ. ಕಚ್ಚುವುದು ಹೋಗಿಲ್ಲ.

ಸಾವಕಾರರೇ, ನಿಮ್ಮ ಉಪ್ಪು ತಿಂದಿದ್ದೇನೆ; ಅದಕ್ಕೇ ಎಲ್ಲರ ಎದುರು ಕೇಳುತ್ತೇನೆ. ಭೋಪಾಳದಲ್ಲಿ ಈಗ ಚಳಿ ಇದೆ. ಹತ್ತು ದಿನ ಬಿಟ್ಟರೆ, ಯಾವ ತಾಯಿ ಯಾವ ಕೌದಿ ತಿರುಗಿ ಕೊಡುತ್ತಾಳೋ ಬಲ್ಲವರುಂಟೇ? ಆಹಾ, ತಲೆಯಾಡಿಸಿದರು! ಸಭಿಕರೇ, ನೀವು ಸಾಕ್ಷಿ, ಸಾವಕಾರರು ತಲೆಯಾಡಿಸಿದರು!

ಫಕ್ಕೀರಪ್ಪಾ, ಪಡದಿ ಎಳಿಯೋ! ನೋಡಿ, ಮುನ್ನೂರು. ಬಾಗಿಲಲ್ಲಿ ಲಾರಿ ನಿಂತಿದೆ. ಬ್ಯಾನರ್ ಇಲ್ಲ, ನಿಶಾನಿಯಿಲ್ಲ. ದಾವಲಬಿಯ ಬುತ್ತಿಗಂಟು ಆಗಲೇ ಮುಂದಿನ ಸೀಟಿನಲ್ಲಿದೆ, ನನ್ನದೂ. ಬಿನ್ನವತ್ತಳೆ ಮಾಸ್ತರರ ಹತ್ತಿರವೇ ಇರಲಿ; ಮುಟ್ಟಿಸಿ ಬಂದ ಮೇಲೆ ‘ತಕ್ಷಣ’ ಉಳಿಸುವುದೋ ಅಳಿಸುವುದೋ ದಾವಲಬಿ ಹೇಳುತ್ತಾರೆ. ನೀವೆಲ್ಲ ಸಾಲಾಗಿ ರಂಗ ಹತ್ತಿ, ಒಬ್ಬೊಬ್ಬರು ಒಂದೊಂದು ಕೌದಿ ಹೊತ್ತು ಲಾರಿಗೆ ಹಾಕಿರಿ. ಮೊದಲನೆಯದಕ್ಕೆ ಸಾವಕಾರರೇ ಕೈ ಹಚ್ಚಲಿ. ಈ ಹಸಿರು ಮೂಲೆಯದು ಕೊನೆಗೆ, ನನ್ನ ಹೆಗಲ ಮೇಲೆ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ವನ್ಸ್ ಮೋರ್ ಮಾತ್ರ ಯಾರೂ ಕೂಗಬೇಡಿ, ಲಾರಿಗೆ ತಡವಾಗುತ್ತದೆ. ಎಲ್ಲರಿಗೂ ನಮಸ್ಕಾರ.