ಹಿಂದಕ್ಕೆ ನೋಡುವ ಕುದುರೆ

ಮಲ್ಕಾಜ್‌ಗಿರಿ ಬಸ್ಸಿನಲ್ಲಿ ತೆಲುಗು ಗದ್ದಲದ ನಡುವೆ ಮುಂದಿನ ಸೀಟಿನ ಅಕ್ಕ-ತಮ್ಮ ಕನ್ನಡ ಮಾತಾಡುತ್ತಿದ್ದರು. ನನ್ನ ಕಿವಿ ತಾನಾಗಿ ಅತ್ತ ಹೋಯಿತು. ಅಕ್ಕನ ಕೈಯಲ್ಲಿ ಹಳೆಯ ಫೋಟೋ, ತಮ್ಮನ ತೊಡೆಯ ಮೇಲೆ ತೆರೆದ ಚದುರಂಗದ ಡಬ್ಬಿ.

“ಅಪ್ಪ ಆಡೂ ಫೋಟೋದಾಗ ನೋಡಕ್ಕ, ಕುದುರಿ ಕುತ್ತಿಗಿ ಹಿಂದಕ್ಕ ಹೊಳ್ಳೈತಿ. ಇಂಥಾವು ಈಗ ಮಾಡಂಗಿಲ್ಲ. ಇದು ಅಪ್ಪನ ಸೆಟ್ಟೇ.”

“ಅಂಥಾವು ಊರತುಂಬ ಇದ್ವೋ, ಶಿವರುದ್ರ.”

“ಆನಿ ಸೊಂಡಿ ಮುರದದ್ದು? ಫೋಟೋದಾಗೂ ಹಂಗ, ಇಲ್ಲೂ ಹಂಗ. ನೀನೇ ಮುರದಾಕಿ!”

ಅಕ್ಕ ನಕ್ಕರು. “ಹೌದೋ! ಎಲ್ಲಿ ಸಿಕ್ತು?”

“ಹಳೆ ಸಾಮಾನಿನ ಬಜಾರದಾಗ. ಪೂರಾ ಸೆಟ್, ಒಂದೂ ಕಮ್ಮಿಲ್ಲ.”

“ಪೂರಾ ಹ್ಯಾಂಗಾತು? ನಾವು ಮಾರಿದಾಗ ಒಂದು ಕರೀ ಕುದುರಿ ಇರಲಿಲ್ಲ.”

“ಯಾಕ?”

“ನೀ ಆವಾಗ ಸಣ್ಣಾವ. ಆಡಾಡ್ತಾನ ಅಪ್ಪನ ಜೀವ ಹೋತು. ಕುದುರಿ ಹಿಡಿದ ಬಲಗೈ ಮುಷ್ಟಿ ಬಿಚ್ಚಲೇ ಇಲ್ಲ. ಎಡಗೈಯಾಗ ಲಿಂಗ ಇಟ್ಟು, ಹಂಗೇ ಕೂಡಿಸಿ ಮಣ್ಣು ಕೊಟ್ಟಿವಿ.”

ತಮ್ಮ ಡಬ್ಬಿಯೊಳಗೆ ಬಾಗಿ ನೋಡಿದ. ಒಂದು ಕರಿ ಕುದುರೆಯ ಕಿವಿಯ ಸಂದಿನಲ್ಲಿ ಹಸಿ ಕೆಮ್ಮಣ್ಣಿತ್ತು.

“ಸ್ಟಾಪ್ ಬಂತಕ್ಕ. ಮನಿಗೆ ಹೋಗೂಣು?”

“ಬ್ಯಾಡ. ಮೊದಲು ಸಮಾಧಿ ಹಂಗೇ ಐತೇನು ನೋಡೂಣು.”

ಎದ್ದು ನಿಂತ ಇಬ್ಬರೂ ಸೀಟಿನ ಮೇಲೆ ಬಿಟ್ಟ ಡಬ್ಬಿಯನ್ನೇ ನೋಡಿದರು.

“ನೀ ತಗೋ ಅಕ್ಕ.”

“ತಂದಾವ ನೀನು. ನೀನೇ ಹಿಡಿ.”