ಗುಡಿಸಿದ ಕಾಡು

ಹಲೋ... ಹಲೋ, ಯಾರು ಮಾತಾಡ್ತಿರೋದು? ಅತ್ತಿಗೆನಾ? ನಾನು, ಗುಡ್ಡದ ಕೆಳಗಿನ ಲಾಂಡ್ರಿಯಿಂದ. ಹಾಂ, ನಿಮ್ಮ ನಾದಿನಿನೇ. ಅಣ್ಣನಿಗೆ ಕೊಡಿ... ಮಲಗಿದ್ರೆ ಎಬ್ಬಿಸಿ. ಕೊಡಿ ಅಂದೆ.

...

ಏನಣ್ಣ, ನಿದ್ದೆ ಚೆನ್ನಾಗಿ ಬಂತಾ? ಇಲ್ಲಿ ಬಂದು ನೋಡು. ಒಗೆದು ಇಸ್ತ್ರಿ ಮಾಡಿಟ್ಟ ಆಸ್ಪತ್ರೆ ಹಾಸಿಗೆ ಬಟ್ಟೆ ಅಷ್ಟೂ ಕೆಸರಲ್ಲಿ ಬಿದ್ದಿದೆ. ನಿನ್ನೆ ಬಂದ ಒಂದು ಮಳೆಗೆ ನಿನ್ನ ಗುಡ್ಡ ನನ್ನ ಹಿಂಬಾಗಿಲಿಂದ ಒಳಗೆ ಬಂತು.

...

ದೊಡ್ಡ ಮಳೆನಾ? ಇದರಪ್ಪನಂಥ ಮಳೆ ಬಂದಿದೆ, ಒಂದು ದಿನ ಹೊಸ್ತಿಲು ದಾಟಿತ್ತಾ? ನೀನು ಗುಡ್ಡ ಗುಡಿಸಿದ ಮೇಲೆ ತಾನೇ ಇದೆಲ್ಲ?

...

ಗೊತ್ತು, ಗೊತ್ತು, ಒಂದು ಮರಾನೂ ಕಡಿದಿಲ್ಲ. ಎಷ್ಟು ಸಲ ಅದನ್ನೇ ಹೇಳ್ತೀಯ? ಮರ ಬಿಟ್ಟು ಇನ್ನೇನು ಉಳಿಸಿದ್ದೀಯ? ಪೊದೆ ಕಿತ್ತೆ, ಬಳ್ಳಿ ಕಿತ್ತೆ, ಹುಲ್ಲು ಹೆರೆದೆ, ಬಿದ್ದ ತರಗೆಲೆನೂ ಬಾಚಿಕೊಂಡು ಹೋದೆ. ಕಾಡು ಕಣಣ್ಣ ಅದು, ನಿನ್ನ ಮನೆ ಹಜಾರ ಅಲ್ಲ!

...

ಭಾಷಣ ಬೇಡ್ವಾ? ಸರಿ. ಈಗಷ್ಟೇ ಮೇಲೆ ಹೋಗಿದ್ದೆ. ತಳ ಕತ್ತರಿಸಿದ ಎರಡು ಸೋಪಿನ ಡಬ್ಬ ತಗೊಂಡು. ಒಂದನ್ನ ಬೇಲಿ ಆಚೆ, ನೀನು ಮುಟ್ಟದ ಪೊದೆ ಕೆಳಗೆ ಮಣ್ಣಿಗೆ ಒತ್ತಿದೆ. ಇನ್ನೊಂದು ನೀನು ಗುಡಿಸಿದ ಕಡೆ. ಎರಡಕ್ಕೂ ಒಂದೊಂದು ಮಗ್ ನೀರು ಸುರಿದೆ. ಪೊದೆ ಕೆಳಗಿನದು ಮಗ್ ಕೆಳಗಿಡೋದ್ರೊಳಗೆ ಇಂಗಿ ಹೋಯ್ತು. ನಿನ್ನದು ಇನ್ನೂ ಹಾಗೇ ನಿಂತಿದೆ, ಹೋಗಿ ಮುಖ ನೋಡ್ಕೋ.

...

ಯಾಕೆ ಅಂದ್ರೆ? ಮೊದಲು ಹನಿ ಎಲೆ ಮೇಲೆ ಬಿದ್ದು ನಿಧಾನಕ್ಕೆ ಇಳೀತಿತ್ತು. ಬೇರು, ಎರೆಹುಳ ಮಾಡಿದ ತೂತಲ್ಲಿ ಒಳಗೆ ಹೋಗ್ತಿತ್ತು. ಈಗ ನೇರ ಮಣ್ಣಿಗೆ ಬಡಿದು ಬಡಿದು ಮೇಲೆಲ್ಲ ಗಟ್ಟಿಯಾಗಿದೆ. ಮಳೆನೀರು ಅಲ್ಲಿ ಇಂಗದೇ ಇದ್ರೆ ಬೇಸಿಗೇಲಿ ನನ್ನ ಒರತೆಗೆ ಎಲ್ಲಿಂದ ಬರಬೇಕು? ಒರತೆ ನಿಂತ್ರೆ ಲಾಂಡ್ರಿ ನಿಂತ ಹಾಗೆ. ಒಡಹುಟ್ಟಿದವಳ ಹೊಟ್ಟೆ ಮೇಲೆ ಹೊಡೆದೆಯಲ್ಲ!

...

ಏನು?... ನನಗೋಸ್ಕರನಾ?

...

ಒರತೆ ಸಣ್ಣಗಾಗಿದೆ ಅಂದಿದ್ದೆ, ಹೌದು. ಅದಕ್ಕೆ?... ನೀರೆಲ್ಲ ಪೊದೆಗಳೇ ಕುಡೀತಾವೆ ಅಂತ ಯಾರು ಹೇಳಿದ್ದು ನಿನಗೆ? ಒಂದಿಷ್ಟು ಕುಡೀತಾವೆ, ಇಲ್ಲ ಅನ್ನಲ್ಲ. ಆದ್ರೆ ಒಳಗೆ ಇಳಿಸೋದೂ ಅವೇ ಅಲ್ವಾ? ಅಯ್ಯೋ, ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆಯಲ್ಲಣ್ಣ. ಒಂದು ಮಾತು ಕೇಳ್ಬಾರ್ದಿತ್ತಾ?... ಈ ಬೆನ್ನುನೋವಲ್ಲಿ ಒಬ್ಬನೇ ಬಾಚಿದೆಯಾ?

...

ಇಲ್ಲ, ಕೋಪ ಇಳಿದಿಲ್ಲ. ಬಂದು ಆ ಬಟ್ಟೆ ಅಷ್ಟೂ ನೀನೇ ಒಗೀಬೇಕು. ಮೊದಲು ಇದು ಕೇಳು, ಮೋಡ ಮತ್ತೆ ಕಟ್ಟಿದೆ. ಆ ತರಗೆಲೆ ನಿನ್ನ ಶೆಡ್ಡಲ್ಲೇ ಇದೆ ತಾನೇ? ವಾಪಸ್ ತಂದು ಹರಡೋಣ, ನಾನೂ ಬರ್ತೀನಿ. ಮಳೆಗೆ ಮುಂಚೆ ತೆಳ್ಳಗೆ ಒಂದು ಹಾಸು ಬಿದ್ರೂ ಸಾಕು.

...

ಶೆಡ್ಡಲ್ಲಿಲ್ವಾ?... ಮತ್ತೆಲ್ಲಿ ಹಾಕಿದೆ?

...

ಇರು, ಮೇಲೆ ನಿನ್ನ ಮನೆ ಹಿಂದೆ ಅದೇನು ಹೊಗೆ ಕಾಣ್ತಿದೆ? ಅಣ್ಣ, ಅದೇನು ಅಂದೆ... ತರಗೆಲೆಗೆ ಬೆಂಕಿ ಹಚ್ಚಿಟ್ಟು ಬಂದು ಮಲಗಿದ್ದೆಯಾ? ಅಷ್ಟಕ್ಕೂನಾ?... ಅದು ಕಸ ಅಲ್ಲ ಅಣ್ಣ, ನನ್ನ ನೀರು ಉರೀತಿರೋದು ಅಲ್ಲಿ! ಫೋನ್ ಬಿಸಾಕಿ ಓಡು, ಆರಿಸು, ಉಳಿದಷ್ಟಾದ್ರೂ... ಹಲೋ? ಅಣ್ಣ? ಹಲೋ...